ತೊಟ್ಟಿಲು ಮತ್ತು ತಂಬೂರಿ

ಸಂಗೀತಸಭೆಗಳಲ್ಲಿ ಹೆಸರಾಂತ ಗಾಯಕಿಯೊಬ್ಬರನ್ನು ಸನ್ಮಾನಿಸುವ ಪ್ರಸಂಗ ಒದಗಿದಾಗಲೆಲ್ಲ, ಹಾರ ಹಾಕಿ ಶಾಲು ಹೊದಿಸಿದ ಬಳಿಕ, ಅಧ್ಯಕ್ಷರಾಗಲಿ ಪತ್ರಿಕೆಯ ಪ್ರತಿನಿಧಿಗಳಾಗಲಿ ಒಂದು ಪ್ರಶ್ನೆಯನ್ನು ಕೇಳುವುದು ವಾಡಿಕೆಯಾಗಿದೆ: ಮಕ್ಕಳ ಪಾಲನೆಯನ್ನೂ ಸಂಗೀತಸಾಧನೆಯನ್ನೂ ತಾವು ಹೇಗೆ ತೂಗಿಸಿಕೊಂಡು ಬಂದಿರಿ? ಪ್ರಶ್ನೆಯು ವಿನಯದಿಂದಲೇ ಕೂಡಿರುತ್ತದೆ. ಕೇಳಿದವರ ಮನಸ್ಸಿನಲ್ಲಿ ಕುಹಕವೇನೂ ಇರುವುದಿಲ್ಲ. ಆದರೂ ಅದನ್ನು ಕೊಂಚ ಪರೀಕ್ಷಿಸಿ ನೋಡತಕ್ಕದ್ದಾಗಿದೆ. ಅದೇ ವೇದಿಕೆಯ ಮೇಲೆ ಹಿಂದಿನ ದಿನ ಕುಳಿತು ಹಾಡಿದ ಗಾಯಕರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಅವರೂ ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುತ್ತಿರುತ್ತಾರೆ. ಮಗುವಿಗೆ ಜ್ವರ ಬಂದ ರಾತ್ರಿ ಅವರು ಇನ್ನಾವುದೋ ಊರಿನಲ್ಲಿ ದರಬಾರಿ ಹಾಡುತ್ತಿದ್ದಿರಬಹುದು. ಅವರನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗೆ ಅರ್ಥವೂ ಆಗಲಾರದು. ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿದು ಮುಂದೆ ನಡೆಯುವುದು ತರ್ಕದಲ್ಲಿ ದೋಷ. ಮಗುವಿನ ಭಾರ ತಾಯಿಯೊಬ್ಬಳದೇ, ಸಂಗೀತವು ಆ ಭಾರದ ಮೇಲೆ ಅವಳು ತಾನಾಗಿ ಹೊತ್ತುಕೊಂಡ ಹೆಚ್ಚಿನ ಗಂಟು, ಎಂಬ ಎರಡು ಪ್ರತಿಜ್ಞೆಗಳು ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಅಡಗಿ ಕುಳಿತಿವೆ. ಎರಡನ್ನೂ ಯಾರೂ ಸಾಧಿಸಿ ತೋರಿಸಿಲ್ಲ.

ಪೂರ್ವಪಕ್ಷಿಗಳಲ್ಲಿ ಎರಡು ಪಂಗಡ. ಮೊದಲಿನವರು ನೇರವಾದ ಜನ. ಗೃಹಿಣಿಯಾದವಳು ಮಕ್ಕಳು ಕೈಗೆ ಬರುವವರೆಗೆ ತಂಬೂರಿಯನ್ನು ಗವಸಿನಲ್ಲಿ ಇಟ್ಟಿರಲಿ, ಆಮೇಲೆ ಬೇಕಾದರೆ ಹಾಡಲಿ ಎನ್ನುತ್ತಾರೆ. ಹತ್ತು ವರ್ಷ ಗವಸಿನಲ್ಲಿದ್ದ ತಂಬೂರಿಗೆ ಹೊಸ ತಂತಿ ಕಟ್ಟಬಹುದು. ಹತ್ತು ವರ್ಷ ಸುಮ್ಮನಿದ್ದ ಕಂಠಕ್ಕೆ ಏನು ಕಟ್ಟುವುದೆಂಬುದನ್ನು ಅವರು ಹೇಳುವುದಿಲ್ಲ. ಇವರಿಗೆ ಉತ್ತರ ಕೊಡುವುದು ಸುಲಭ. ಎರಡನೆಯ ಪಂಗಡದವರು ಮೃದುಭಾಷಿಗಳು, ಆದ್ದರಿಂದಲೇ ಹೆಚ್ಚು ಅಪಾಯಕಾರಿಗಳು. ಅವರು ಗಾಯಕಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುತ್ತಾರೆ, ಮಹಾತಾಯಿಯೆಂದು ಕರೆಯುತ್ತಾರೆ, ಅವಳ ಕಷ್ಟಗಳನ್ನು ಕಣ್ಣೀರು ತುಂಬಿ ವರ್ಣಿಸುತ್ತಾರೆ. ಆದರೆ ಆ ಕಷ್ಟಗಳಲ್ಲಿ ಒಂದನ್ನಾದರೂ ಕಡಮೆ ಮಾಡುವುದು ತಮ್ಮಿಂದ ಸಾಧ್ಯವಿತ್ತೇ ಎಂದು ಯೋಚಿಸುವುದಿಲ್ಲ. ತ್ಯಾಗವೆಂಬುದು ಮಾಡಿದವರ ಬಾಯಲ್ಲಿ ಒಪ್ಪುವ ಮಾತು. ಮಾಡಿಸಿಕೊಂಡವರ ಬಾಯಲ್ಲಿ ಅದು ಬಾಕಿ ತೀರಿಸದ ಸಾಲಗಾರನ ಸ್ತೋತ್ರ.

ಮೊದಲಿನವರು ಕೆಲವೊಮ್ಮೆ ಶಾಸ್ತ್ರದ ಹೆಸರನ್ನೂ ಎತ್ತುವುದುಂಟು. ಆ ಕಾರಣ ಶಾಸ್ತ್ರವನ್ನೇ ತೆರೆದು ನೋಡುವುದು ಯುಕ್ತ. ಭರತನು ನಾಟ್ಯಶಾಸ್ತ್ರದಲ್ಲಿ ಗಾನವು ಪ್ರಾಯಶಃ ಸ್ತ್ರೀಯರಿಗೂ ಪಾಠ್ಯವು ಪುರುಷರಿಗೂ ಸ್ವಭಾವಸಿದ್ಧವೆಂದು ವಿಭಾಗಿಸಿದ್ದಾನೆ. ಪುರುಷನು ಹಾಡುವುದಕ್ಕೇ ಅಲ್ಲಿ ಸಮರ್ಥನೆ ಬೇಕಾಗುತ್ತದೆ, ಸ್ತ್ರೀಯು ಹಾಡುವುದಕ್ಕಲ್ಲ. ಇನ್ನು ದೇವಗಿರಿಯ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ಬರೆದ ಸಂಗೀತರತ್ನಾಕರವನ್ನು ನೋಡಬೇಕು. ವಿಜಯನಗರದ ಕಲ್ಲಿನಾಥನು ಇದಕ್ಕೆ ವ್ಯಾಖ್ಯಾನ ಬರೆದನಾದ್ದರಿಂದ ಈ ಗ್ರಂಥದೊಡನೆ ಕನ್ನಡನಾಡಿನ ನಂಟು ಹಳೆಯದು. ಈ ಗ್ರಂಥದ ಮೊದಲನೆಯ ಅಧ್ಯಾಯವು ಸ್ವರವನ್ನು ಕುರಿತದ್ದು. ಆದರೆ ಶ್ರುತಿ, ಸ್ವರ, ಗ್ರಾಮಗಳ ವಿಚಾರಕ್ಕೆ ಬರುವುದಕ್ಕೆ ಮುಂಚೆ ಶಾರ್ಙ್ಗದೇವನು ಪಿಂಡೋತ್ಪತ್ತಿಪ್ರಕರಣವೆಂದು ಒಂದು ಭಾಗವನ್ನೇ ಇಟ್ಟಿದ್ದಾನೆ. ತಾಯಿಯ ಗರ್ಭದಲ್ಲಿ ಶರೀರವು ಹೇಗೆ ನಿಲ್ಲುತ್ತದೆ, ತಿಂಗಳು ತಿಂಗಳಿಗೂ ಅದು ಹೇಗೆ ಬೆಳೆಯುತ್ತದೆ, ಅಂಗಗಳು ಹೇಗೆ ಮೂಡುತ್ತವೆ, ಎಂಬುದನ್ನು ವೈದ್ಯನಂತೆ ವಿಸ್ತರಿಸಿ ಹೇಳಿ, ಆ ಶರೀರದಲ್ಲಿಯೇ ನಾದದ ಹುಟ್ಟನ್ನು ಹೇಳುತ್ತಾನೆ. ಸಂಗೀತದ ಮಹಾಶಾಸ್ತ್ರವೊಂದು ಬಸುರಿನಿಂದ ಆರಂಭವಾಗುತ್ತದೆಂದಮೇಲೆ, ಬಸುರಿಗೂ ಸಂಗೀತಕ್ಕೂ ವಿರೋಧವೆಂಬ ಮಾತು ಯಾವ ಶಾಸ್ತ್ರದ್ದು?

ಗೃಹ್ಯಸೂತ್ರಗಳ ಮಾತೂ ಇದೇ. ಸೀಮಂತೋನ್ನಯನ ಸಂಸ್ಕಾರದಲ್ಲಿ ವೀಣೆಯವರಿಬ್ಬರನ್ನು ಕರೆಸಿ ಸೋಮರಾಜನನ್ನು ಕುರಿತು ಹಾಡಿಸಬೇಕೆಂದು ಆಶ್ವಲಾಯನರು ವಿಧಿಸುತ್ತಾರೆ. ಈಗಿನ ಸೀಮಂತಗಳಲ್ಲಿ ಹಸುರು ಸೀರೆ ಉಳಿದಿದೆ, ಬಳೆ ಉಳಿದಿದೆ, ಐದು ಬಗೆಯ ಚಿತ್ರಾನ್ನ ಉಳಿದಿದೆ. ವೀಣೆ ಮಾತ್ರ ಎಲ್ಲಿಯೋ ಕಳೆದುಹೋಯಿತು. ಕಳೆದುಕೊಂಡವರೇ ಈಗ ಗರ್ಭಿಣಿಗೆ ಸಂಗೀತ ಏತಕ್ಕೆಂದು ಕೇಳುತ್ತಿದ್ದಾರೆ.

ಶಾಸ್ತ್ರಾಧಾರ ಸಿಕ್ಕಿದ ಮಾತ್ರಕ್ಕೆ ಕಷ್ಟ ಇಲ್ಲವಾಗುವುದಿಲ್ಲ; ಅದನ್ನು ಮರೆಮಾಚುವುದೂ ಅಪ್ರಾಮಾಣಿಕತನ. ಗರ್ಭ ಬೆಳೆದಂತೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯು ಮೇಲಕ್ಕೆ ಒತ್ತಲ್ಪಟ್ಟು ಉಸಿರು ಮೊಟಕಾಗುತ್ತದೆ. ಒಂದೇ ಉಸಿರಿನಲ್ಲಿ ಷಡ್ಜವನ್ನು ನಿಲ್ಲಿಸಿ ತುಂಬುತ್ತಿದ್ದ ಗಾಯಕಿ ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಗುತ್ತದೆ. ಕೆಲವರಿಗೆ ಧ್ವನಿತಂತುಗಳಲ್ಲಿಯೂ ಬಾವು ಸೇರಿ ಕಂಠ ಭಾರವಾಗುವುದುಂಟು. ಹೆರಿಗೆಯಾದ ಮೇಲೆ, ಅದರಲ್ಲಿಯೂ ಶಸ್ತ್ರಕ್ರಿಯೆಯಿಂದ ಹೆರಿಗೆಯಾದರೆ, ಧ್ವನಿಗೆ ಆಧಾರವಾದ ಹೊಟ್ಟೆಯ ಸ್ನಾಯುಗಳು ಮೊದಲಿನ ಬಿಗುವಿಗೆ ಬರಲು ತಿಂಗಳುಗಳು ಬೇಕು. ಇವೆಲ್ಲಕ್ಕಿಂತ ಕ್ರೂರವಾದದ್ದು ನಿದ್ರಾಭಂಗ. ನಸುಕಿನ ಮಂದ್ರಸಾಧನೆಯ ಹೊತ್ತೂ ಕೂಸು ಹಾಲಿಗೆ ಅಳುವ ಹೊತ್ತೂ ಒಂದೇ. ಇದು ಪ್ರಕೃತಿ ಒಡ್ಡಿದ ಕಷ್ಟ. ಆದರೆ ಇದಕ್ಕೆ ಅವಧಿಯುಂಟು. ವರ್ಷವೊಂದು, ಹೆಚ್ಚೆಂದರೆ ಎರಡು. ಎರಡು ವರ್ಷದ ಕಷ್ಟವನ್ನು ಇಪ್ಪತ್ತು ವರ್ಷಕ್ಕೆ ಹಿಗ್ಗಿಸಿದ್ದು ಪ್ರಕೃತಿಯಲ್ಲ, ಸಮಾಜ. ವಾದವೆಲ್ಲ ಇರುವುದು ಈ ಹಿಗ್ಗಿಸಿದ ಭಾಗದ ಮೇಲೆ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಅವರ ಜೀವನವನ್ನು ಕುರಿತು ಸಭೆಗಳಲ್ಲಿ ಆಗುವ ಉಪನ್ಯಾಸಗಳು ಸಾಮಾನ್ಯವಾಗಿ 1971ರ ಪದ್ಮಭೂಷಣದಿಂದ 2002ರ ಪದ್ಮವಿಭೂಷಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಹೋಗುತ್ತವೆ. ಕೆಳಗಿನ ಮೆಟ್ಟಿಲುಗಳ ಕಡೆಗೆ ಉಪನ್ಯಾಸಕರ ಕಣ್ಣು ಹೊರಳುವುದು ಕಡಮೆ. ಕೆಳಗೆ ಇದ್ದವರು ತಾಯಿ ಅಂಬಾಬಾಯಿ. ಅವರು ಕರ್ನಾಟಕ ಸಂಗೀತದ ಗಾಯಕಿ. ಅಬ್ದುಲ್ ಕರೀಂ ಖಾನರಂಥವರು ಬಂದು ಕೂತು ಕೇಳುವಷ್ಟು ಒಳ್ಳೆಯ ಗಾಯಕಿ. ಮಗಳ ಒಲವು ಹಿಂದುಸ್ತಾನಿ ಪದ್ಧತಿಯ ಕಡೆಗೆ ಹರಿದಾಗ, ತಮ್ಮ ಹಾಡಿಕೆಯ ಛಾಯೆ ಮಗಳ ಹಾಡಿಕೆಯ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. 1928ರಲ್ಲಿ ಮಗಳ ಪಾಠಕ್ಕಾಗಿಯೇ ಮನೆ ಧಾರವಾಡದಿಂದ ಹುಬ್ಬಳ್ಳಿಗೆ ಬಂತು. ಮಗಳು ದೇಶವೆಲ್ಲ ಕೇಳುವ ಗಾಯಕಿಯಾದುದನ್ನು ನೋಡುವಷ್ಟು ಆಯುಸ್ಸು ಅಂಬಾಬಾಯಿಯವರಿಗೆ ದೊರೆಯಲಿಲ್ಲ.

ಅಂದಿನ ಧಾರವಾಡದ ಸುಶಿಕ್ಷಿತ ಮನೆಗಳು ಈ ಕುಟುಂಬವನ್ನು ಹೇಗೆ ನೋಡುತ್ತಿದ್ದುವೆಂಬುದನ್ನೂ ಮರೆಯತಕ್ಕದ್ದಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನೆರೆದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತ ಹಾಡಿದ ಬಾಲಕಿಗೆ, ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೋ ಎಂಬ ಅಂಜಿಕೆಯಿತ್ತಂತೆ. ಬೀದಿಯಲ್ಲಿ ಹೋಗುವಾಗ ಗಾನೇವಾಲಿ ಎಂದು ಕೂಗಿ ಹಂಗಿಸಿದವರಿದ್ದರು. ಈಗ ಅದೇ ಊರುಗಳ ಜನ ಅವರ ಭಾವಚಿತ್ರಕ್ಕೆ ಮಾಲೆ ಹಾಕಿ ಗೃಹಿಣೀಧರ್ಮವನ್ನೂ ಕಲೆಯನ್ನೂ ಅವರು ತೂಗಿಸಿದ ಬಗೆಯನ್ನು ಬಣ್ಣಿಸುತ್ತಾರೆ. ಗೃಹಿಣಿಯ ಮರ್ಯಾದೆಯನ್ನು ಕೊಡಬೇಕಾಗಿದ್ದ ಕಾಲದಲ್ಲಿ ಕೊಡದವರಿಗೆ, ಈಗ ಗೃಹಿಣೀಧರ್ಮದ ಮಾತೆತ್ತುವ ಅಧಿಕಾರ ಎಲ್ಲಿಂದ ಬಂತು?

ಹದಿನಾರನೆಯ ವಯಸ್ಸಿನಲ್ಲಿ ಅವರು ಗುರುರಾವ್ ಕೌಲಗಿಯವರ ಕೈ ಹಿಡಿದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಸಂಸಾರದ ಖರ್ಚಿನ ಭಾರ ಬಹುಮಟ್ಟಿಗೆ ಅವರ ಹಾಡಿಕೆಯ ಮೇಲೆಯೇ ನಿಂತಿತು. ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಮಕ್ಕಳೋ ಸಂಗೀತವೋ ಎಂಬ ವಿಕಲ್ಪವೇ ಆ ಮನೆಯಲ್ಲಿ ಇರಲಿಲ್ಲ. ಸಂಗೀತದಿಂದಲೇ ಮಕ್ಕಳ ಅನ್ನ, ಮಕ್ಕಳ ಫೀಜು, ಮನೆಯ ಬಾಡಿಗೆ. ತಕ್ಕಡಿಯ ಎರಡು ತಟ್ಟೆಗಳೆಂದು ಭಾಷಣಕಾರರು ಬಣ್ಣಿಸುವುವು ಅಲ್ಲಿ ಒಂದೇ ತಟ್ಟೆಯಾಗಿದ್ದುವು. ಹಾಡುವುದನ್ನು ಬಿಟ್ಟಿದ್ದರೆ ಅವರು ಹೆಚ್ಚು ಒಳ್ಳೆಯ ತಾಯಿಯಾಗುತ್ತಿರಲಿಲ್ಲ. ಹಸಿದ ಮಕ್ಕಳ ತಾಯಿಯಾಗುತ್ತಿದ್ದರು.

ಆ ದಿನಗಳಲ್ಲಿ ಗುರುಗಳಾದ ಸವಾಯಿ ಗಂಧರ್ವರು ಕುಂದಗೋಳದಲ್ಲಿದ್ದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಮಾಡಿಸಿಕೊಂಡು, ರೈಲಿನಲ್ಲಿಯೇ ಹಿಂದಿರುಗುವುದು ಗಂಗೂಬಾಯಿಯವರ ಕ್ರಮ. ಅದೇ ಗುರುಗಳ ಮನೆಯಲ್ಲಿ ಭೀಮಸೇನ ಜೋಶಿಯವರೂ ಕಲಿಯುತ್ತಿದ್ದರು. ಜೋಶಿಯವರು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟು ಹೊರಟವರು. ಗ್ವಾಲಿಯರ್ ಮುಂತಾದ ಕಡೆ ಅಲೆದು, ಕಡೆಗೆ ಕುಂದಗೋಳದ ಗುರುಗೃಹದಲ್ಲಿ ನೀರು ಹೊತ್ತು ಸೇವೆ ಮಾಡಿ ವಿದ್ಯೆ ಪಡೆದವರು. ಅವರ ಸಾಧನೆಯನ್ನು ಕೀಳುಗೈಯುವುದು ಯಾರ ಉದ್ದೇಶವೂ ಅಲ್ಲ. ಆದರೆ ಗುರುಕುಲವಾಸವೆಂಬ ಪದ್ಧತಿಯೇ ಬ್ರಹ್ಮಚಾರಿಗಾಗಿ ಕಟ್ಟಿದ್ದು. ಸಮಿತ್ತು ತರುವ, ಭಿಕ್ಷೆ ಬೇಡುವ, ಗುರು ಎದ್ದಾಗ ಎದ್ದು ಮಲಗಿದ ಮೇಲೆ ಮಲಗುವ ಹುಡುಗನಿಗೆ ಹಿಂದೆ ಅಳುವ ಕೂಸಿಲ್ಲ. ಹುಡುಗಿಯೊಬ್ಬಳು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ್ದರೆ ಆ ಕಥೆ ಸಂಗೀತದ ಇತಿಹಾಸದಲ್ಲಿ ಬರುತ್ತಿರಲಿಲ್ಲ, ಪೊಲೀಸು ಠಾಣೆಯ ದಫ್ತರದಲ್ಲಿ ಬರುತ್ತಿತ್ತು.

ಹಾಗಾದರೆ ಹೋಗಿ ಬರುವ ಶಿಷ್ಯೆಗೆ ವಿದ್ಯೆ ಕಡಮೆಯಾಯಿತೆ? ಸವಾಯಿ ಗಂಧರ್ವರ ಪಾಠದ ಕ್ರಮವೇ ಇದಕ್ಕೆ ಉತ್ತರ. ಜಿಪುಣನು ಹಣವನ್ನು ಖರ್ಚುಮಾಡುವಂತೆ ಸ್ವರವನ್ನು ಖರ್ಚುಮಾಡಬೇಕೆಂದು ಅವರು ಕಲಿಸುತ್ತಿದ್ದರು. ಒಂದು ಪಲುಕನ್ನು ಹಿಡಿದರೆ ಅದು ಕೂಡುವವರೆಗೆ ಬಿಡುತ್ತಿರಲಿಲ್ಲ. ಸ್ವರದಲ್ಲಿ ಜಿಪುಣತನವನ್ನು ಕಲಿತ ಶಿಷ್ಯೆಗೆ ಹೊತ್ತಿನಲ್ಲಿ ಜಿಪುಣತನವನ್ನು ಮನೆಯೇ ಕಲಿಸಿತ್ತು. ಒಲೆಯ ಮೇಲೆ ಅನ್ನ ಬೇಯುವಾಗಲೂ ಆ ಪಲುಕು ಮನಸ್ಸಿನಲ್ಲಿ ತಿರುಗಬಲ್ಲದು. ಹದಿನಾರು ಗಂಟೆ ರಿಯಾಜು ಮಾಡಿದೆನೆಂದು ಹೇಳಿಕೊಳ್ಳುವ ಗಾಯಕರ ಕಥೆಗಳನ್ನು ಕೇಳಿ ಬೆರಗಾಗುವವರು, ಆ ಹದಿನಾರು ಗಂಟೆಯೂ ಅವರ ಊಟವನ್ನು ಬಡಿಸಿದವರು ಯಾರು, ಬಟ್ಟೆಯನ್ನು ಒಗೆದವರು ಯಾರು ಎಂಬುದನ್ನೂ ಜತೆಯಲ್ಲಿ ಕೇಳಲಿ. ಆ ಲೆಕ್ಕ ಬರೆದರೆ ಹದಿನಾರು ಗಂಟೆಯ ರಿಯಾಜು ಒಬ್ಬರದಲ್ಲ, ಇಬ್ಬರದೆಂದು ತಿಳಿಯುತ್ತದೆ.

ಇನ್ನು ಮಗಳು ಕೃಷ್ಣಾ ಹಾನಗಲ್ ಅವರ ವಿಚಾರ. ತಾಯಿಯ ಹಿಂದೆ ಕುಳಿತು, ತಾಯಿಯ ಗಂಭೀರವಾದ ಧ್ವನಿಗೆ ತಮ್ಮ ಧ್ವನಿಯನ್ನು ಕೂಡಿಸಿ, ದಶಕಗಳ ಕಾಲ ಅವರು ಸಹಗಾಯನ ಮಾಡಿದರು. ಗಂಗೂಬಾಯಿಯವರ ಕಛೇರಿಯನ್ನು ಕೇಳಿದವರೆಲ್ಲ ಕೃಷ್ಣಾ ಅವರನ್ನೂ ಕೇಳಿದ್ದಾರೆ. ಕೇಳಿದೆವೆಂದು ಎಷ್ಟು ಮಂದಿಗೆ ನೆನಪಿದೆ? ತಾಯಿ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಸ್ವರ ಬಿದ್ದುಹೋಗದಂತೆ ಹಿಡಿದು ನಿಲ್ಲಿಸುವುದು, ತಾಯಿ ಮತ್ತೆ ಎತ್ತಿಕೊಂಡೊಡನೆ ಹಿಂದೆ ಸರಿಯುವುದು, ತಾನಿದ್ದೂ ಇಲ್ಲದಂತೆ ಇರುವುದು. ಇದು ಸಾಮಾನ್ಯ ವಿದ್ಯೆಯಲ್ಲ. ಇಷ್ಟು ವಿದ್ಯೆಯುಳ್ಳವರು ಜೀವಮಾನವೆಲ್ಲ ಬಹುತೇಕ ಎರಡನೆಯ ಆಸನದಲ್ಲಿಯೇ ಕುಳಿತರು. ಪ್ರೀತಿಯಿಂದಲೇ ಕುಳಿತಿರಬಹುದು, ಅದನ್ನು ಹೊರಗಿನವರು ನಿರ್ಣಯಿಸಲಾಗದು. ಅವರು 2004ರಲ್ಲಿ, ತಾಯಿಗಿಂತ ಮುಂಚೆ, ತೀರಿಕೊಂಡರು. 2006ರಲ್ಲಿ ತೊಂಬತ್ತಮೂರು ವರ್ಷದ ಗಂಗೂಬಾಯಿಯವರು ಕೊನೆಯ ಕಛೇರಿಗೆ ಕುಳಿತಾಗ ಹಿಂದೆ ಆ ಧ್ವನಿಯಿರಲಿಲ್ಲ.

ಅಂಬಾಬಾಯಿ ಹಾಡನ್ನು ನಿಲ್ಲಿಸಿದರು, ಗಂಗೂಬಾಯಿ ಹಾಡಿದರು, ಕೃಷ್ಣಾ ಹಿಂದೆ ಕುಳಿತು ಹಾಡಿದರು. ಒಬ್ಬ ಗಾಯಕಿಯನ್ನು ಲೋಕಕ್ಕೆ ಕೊಡಲು ಒಂದೇ ಮನೆಯ ಮೂರು ತಲೆಮಾರಿನ ಕಂಠಗಳು ಬೇಕಾದುವು. ಹೇಗೆ ತೂಗಿಸಿದಿರಿ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇದು. ಗಾಯಕಿಯೊಬ್ಬಳೇ ತೂಗಿಸಲಿಲ್ಲ, ಇನ್ನಿಬ್ಬರು ಹೆಂಗಸರು ತಮ್ಮ ಕಂಠವನ್ನು ತಕ್ಕಡಿಗೆ ಹಾಕಿದರು. ಊರು ಏನು ಹಾಕಿತು? ಸಂಗೀತಸಭೆಗಳು ಏನು ಹಾಕಿದುವು?

ಈ ಕಥೆ ಹಾನಗಲ್ಲರ ಮನೆಯದು ಮಾತ್ರವಲ್ಲ. ಗೋವೆಯ ಕುರ್ಡಿ ಗ್ರಾಮದಲ್ಲಿ 1904ರಲ್ಲಿ ಹುಟ್ಟಿದ ಮೋಗೂಬಾಯಿ ಕುರ್ಡೀಕರರು ಅಲ್ಲಾದಿಯಾ ಖಾನರ ಶಿಷ್ಯೆ. ಮೂವರು ಮಕ್ಕಳು ಚಿಕ್ಕವರಿರುವಾಗಲೇ ಗಂಡನನ್ನು ಕಳೆದುಕೊಂಡು, ಮುಂಬಯಿಯಲ್ಲಿ ಹಾಡಿಕೆಯಿಂದಲೂ ಪಾಠದಿಂದಲೂ ಅವರನ್ನು ಬೆಳೆಸಿದರು. ಹಿರಿಯ ಮಗಳು ಕಿಶೋರಿ ಆಮೋಣಕರರು ತಾಯಿಯ ಜತೆಯಲ್ಲಿ ತಂಬೂರಿ ಹಿಡಿದು ಊರೂರು ಸುತ್ತಿದವರು. ವ್ಯವಸ್ಥಾಪಕರು ತಾಯಿಯನ್ನು ಎಂಥ ಕಡೆ ಇಳಿಸುತ್ತಿದ್ದರು, ಎಷ್ಟು ಕೊಟ್ಟು ಕಳಿಸುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡವರು. ಮುಂದೆ ಕಿಶೋರಿಯವರು ತಾವೇ ಮಹಾಗಾಯಕಿಯಾದಾಗ, ಸಭೆಯಲ್ಲಿ ಗದ್ದಲವಾದರೆ ಹಾಡು ನಿಲ್ಲಿಸುತ್ತಾರೆ, ಸಿಡುಕಿನವರು, ಎಂದು ವ್ಯವಸ್ಥಾಪಕರು ದೂರಿದ್ದೇ ದೂರಿದ್ದು. ಆ ಸಿಡುಕಿನ ಬೀಜವನ್ನು ಬಿತ್ತಿದವರು ಹಿಂದಿನ ತಲೆಮಾರಿನ ವ್ಯವಸ್ಥಾಪಕರೇ ಎಂಬುದನ್ನು ಅವರು ನೆನೆಯಲಿಲ್ಲ. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟು ಹಾಡಿದರೂ ಬಾಯಿ, ಎಂದು ಗಂಗೂಬಾಯಿಯವರೇ ಒಮ್ಮೆ ನೊಂದು ಆಡಿದ್ದುಂಟು.

ಅದೆಲ್ಲ ಹಳೆಯ ಕಾಲದ ಮಾತು, ಈಗ ಎಲ್ಲ ಸುಧಾರಿಸಿದೆ, ಎಂದು ಹೇಳುವವರಿದ್ದಾರೆ. ಸುಧಾರಿಸಿರುವುದು ನಿಜ, ಎಲ್ಲಿ ಸುಧಾರಿಸಿದೆಯೆಂಬುದನ್ನು ನೋಡಬೇಕು. 1961ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂತು. 2017ರಲ್ಲಿ ಅದರ ತಿದ್ದುಪಡಿಯಾಗಿ ಸಂಬಳಸಹಿತವಾದ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ಕಛೇರಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಇದರಿಂದ ಒಳ್ಳೆಯದಾಯಿತು. ಕಛೇರಿಯೆಂದರೆ ಇಲ್ಲಿ ಗುಮಾಸ್ತರ ಕಛೇರಿ. ಸಂಗೀತದ ಕಛೇರಿ ಮಾಡುವ ಹೆಣ್ಣುಮಗಳಿಗೆ ಒಂದು ವಾರವೂ ಇಲ್ಲ. ಅವಳಿಗೆ ಧಣಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಆದ್ದರಿಂದ ರಜೆಯೂ ಇಲ್ಲ. ಹಾಡಿದ ದಿನ ಸಂಭಾವನೆ, ಹಾಡದ ದಿನ ಸೊನ್ನೆ. ರಾಮೋತ್ಸವದಲ್ಲಿ, ಮದರಾಸಿನ ಮಾರ್ಗಳಿಯಲ್ಲಿ, ಗಣೇಶೋತ್ಸವದಲ್ಲಿ ಒಂದು ವರ್ಷ ಅವಳು ಬರಲಾಗದಿದ್ದರೆ ಆ ಜಾಗದಲ್ಲಿ ಬೇರೊಬ್ಬರು ಕೂರುತ್ತಾರೆ. ಮರುವರ್ಷ ಅವಳು ಸಿದ್ಧಳಾದಾಗ ಜಾಗ ತುಂಬಿರುತ್ತದೆ. ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ಪಾಪ, ಕೂಸಿದೆ, ಈಗೇಕೆ ತೊಂದರೆ ಕೊಡುವುದು, ಎಂದು ಕನಿಕರದಿಂದಲೇ ಹೆಸರನ್ನು ಬಿಡುತ್ತಾರೆ. ಬರುವೆಯೋ ಬಾರೆಯೋ ಎಂದು ಅವಳನ್ನೇ ಕೇಳಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ. ಕೇಳದೆ ತೋರಿಸುವ ಕನಿಕರಕ್ಕಿಂತ ಕೇಳಿ ಪಡೆಯುವ ನಿರಾಕರಣೆ ಲೇಸು. ಅದರಲ್ಲಿ ನಿರ್ಣಯ ಅವಳದಾಗಿರುತ್ತದೆ.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ಹೆರಿಗೆಯ ಕಾರಣದಿಂದ ಒಪ್ಪಿದ ಕಛೇರಿಯನ್ನು ಬಿಡಬೇಕಾಗಿ ಬಂದ ಗಾಯಕಿಯ ಜಾಗವನ್ನು ಎರಡು ವರ್ಷ ಅವಳದೆಂದೇ ಗುರುತಿಟ್ಟು, ಅವಳು ಬರುತ್ತೇನೆಂದ ವರ್ಷ ಕೊಡುವುದು. ಚಿಕ್ಕ ಕೂಸಿರುವವಳಿಗೆ ಇರುಳು ಹತ್ತು ಗಂಟೆಯ ಕಛೇರಿಯನ್ನು ಗಂಟು ಹಾಕದೆ ಸಂಜೆಯದನ್ನೋ ಬೆಳಗಿನದನ್ನೋ ಕೊಡುವುದು. ತೋಡಿ, ಭೈರವ, ಬಿಲಾವಲುಗಳನ್ನು ಕೇಳಲು ಈಗ ಸಭೆಗಳಿಗೆ ಬೆಳಗೇ ಸಿಕ್ಕುತ್ತಿಲ್ಲವಾದ್ದರಿಂದ ಇದರಲ್ಲಿ ರಸಿಕರಿಗೂ ಲಾಭ. ವೇದಿಕೆಯ ಹಿಂದೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಮತ್ತು ಒಂದು ಹೆಚ್ಚಿನ ರೈಲು ಟಿಕೀಟು. ತಬಲದವರಿಗೆ, ಹಾರ್ಮೋನಿಯಂನವರಿಗೆ, ತಂಬೂರಿಯವರಿಗೆ ಟಿಕೀಟು ಕೊಡುವ ಸಭೆಯು, ಹಾಡು ಮುಗಿಯುವವರೆಗೆ ಕೂಸನ್ನು ಎತ್ತಿಕೊಂಡು ಕೂರುವ ಅಜ್ಜಿಗೋ ಅತ್ತೆಗೋ ತಂಗಿಗೋ ಟಿಕೀಟು ಕೊಡಲು ಹಿಂಜರಿಯುವುದೇಕೆ? ಆಕೆಯೂ ಆ ದಿನದ ಪಕ್ಕವಾದ್ಯದವಳೇ. ಆ ತೊಡೆಯ ಮೇಲೆ ಕೂಸು ನಿದ್ದೆಹೋಗದಿದ್ದರೆ ಈ ವೇದಿಕೆಯ ಮೇಲೆ ವಿಲಂಬಿತ ನಿಲ್ಲುವುದಿಲ್ಲ.

ಗಾಯಕಿಯ ಗಂಡನೇ ಕೂಸನ್ನು ಎತ್ತಿಕೊಂಡು ಕೂರಬಾರದೆ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಕೂರಬಹುದು, ಟಿಕೀಟು ಅವನಿಗೂ ಸಲ್ಲುತ್ತದೆ. ಅಂಥವನು ಬಂದಾಗ ಅಧ್ಯಕ್ಷರು ಅವನನ್ನೇ ವೇದಿಕೆಗೆ ಕರೆದು, ಎಂಥ ವಿಶಾಲ ಹೃದಯ, ಎಂದು ಭಾಷಣ ಮಾಡದಿದ್ದರೆ ಸಾಕು.

ಸಭೆಗಳಿಗೆ ಹಣವೆಲ್ಲಿದೆ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಯಾವ ಊರಿನ ಸಂಗೀತಸಭೆಯದೇ ಆಗಲಿ, ಹಿಂದಿನ ವರ್ಷದ ಜಮಾಖರ್ಚಿನ ಪಟ್ಟಿಯನ್ನು ತೆಗೆದು ನೋಡಲಿ. ಅತಿಥಿಗಳಿಗೂ ಉಪಾಧ್ಯಕ್ಷರಿಗೂ ಹೊದಿಸಿದ ಶಾಲುಗಳು ಎಷ್ಟು, ಗಂಧದ ಹಾರಗಳು ಎಷ್ಟು, ಫಲಕಗಳು ಎಷ್ಟು ಎಂಬುದನ್ನು ಕೂಡಿಸಲಿ. ಆ ಮೊತ್ತದ ಪಕ್ಕದಲ್ಲಿ ಹುಬ್ಬಳ್ಳಿಯಿಂದ ತಮ್ಮ ಊರಿಗೆ ಒಬ್ಬ ಅಜ್ಜಿಯ ಹೋಗಿಬರುವ ರೈಲು ಛಾರ್ಜನ್ನು ಬರೆದು ನೋಡಲಿ.